ವಿರಳ ಲೋಹದ ನೀತಿ ಗಣಿಯಲ್ಲೇ ನಿಲ್ಲಬಾರದು

ವಿರಳ ಲೋಹಗಳ ಕುರಿತ ಚರ್ಚೆ ಭಾರತದಲ್ಲಿ ಬಹುಮಟ್ಟಿಗೆ ಗಣಿ, ನಿಕ್ಷೇಪ ಮತ್ತು ಆಮದಿನ ಸುತ್ತಲೇ ನಡೆಯುತ್ತದೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿದಾಗ ವಿದ್ಯುತ್ ವಾಹನಗಳ ಕಾಂತಗಳಿಗೆ ಬೇಕಾದ ಡಿಸ್ಪ್ರೋಸಿಯಂ, ಟರ್ಬಿಯಂಗಳ ಕೊರತೆ ದೊಡ್ಡ ಸುದ್ದಿಯಾಯಿತು. ಅದೇ ಪಟ್ಟಿಯಲ್ಲಿದ್ದ ಸ್ಕ್ಯಾಂಡಿಯಂ ಕಡೆಗೆ ಅಷ್ಟಾಗಿ ಗಮನ ಹರಿಯಲಿಲ್ಲ. ಈ ಲೋಹವು ಸಾರಜನಕದೊಡನೆ ಕೂಡಿ ಉಂಟಾಗುವ ಸ್ಕ್ಯಾಂಡಿಯಂ ನೈಟ್ರೈಡ್‌ನ ಗುಣಗಳನ್ನು ಪರಿಶೀಲಿಸಿದರೆ, ವಿರಳ ಲೋಹದ ಮೌಲ್ಯದ ಬಹುಪಾಲು ಹುಟ್ಟುವುದು ಅದಿರಿಗೂ ಹರಳಿಗೂ ನಡುವಿನ ದೀರ್ಘ ಹಾದಿಯಲ್ಲಿ ಎಂಬುದು ಮನದಟ್ಟಾಗುತ್ತದೆ.

ಸ್ಕ್ಯಾಂಡಿಯಂ ನೈಟ್ರೈಡ್‌ನ ಪರಮಾಣುಗಳು ಅಡುಗೆ ಉಪ್ಪಿನ ಹರಳಿನಲ್ಲಿರುವಂತೆಯೇ ಘನಾಕೃತಿಯಲ್ಲಿ ಜೋಡಣೆಗೊಂಡಿದ್ದು, ಪ್ರತಿ ಸ್ಕ್ಯಾಂಡಿಯಂ ಪರಮಾಣುವಿನ ಸುತ್ತ ಆರು ಸಾರಜನಕ ಪರಮಾಣುಗಳಿರುತ್ತವೆ. ಸುಮಾರು 2600 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದೆ ಉಳಿಯುವ, ಬಹಳ ಗಡಸಾದ ಈ ವಸ್ತು ಅರೆವಾಹಕವೂ ಹೌದು. ಅಂದರೆ ಅದರಲ್ಲಿ ವಿದ್ಯುತ್ತಿನ ಹರಿವನ್ನು ಬೇಕಾದಂತೆ ಹೆಚ್ಚಿಸಬಹುದು, ತಗ್ಗಿಸಬಹುದು. ಎಲ್‌ಇಡಿ ದೀಪಗಳಲ್ಲಿ ಬಳಕೆಯಾಗುವ ಗ್ಯಾಲಿಯಂ ನೈಟ್ರೈಡ್‌ನ ಪರಮಾಣು ಅಂತರಕ್ಕೂ ಇದರ ಸೂಕ್ತ ಮುಖವೊಂದರ ಪರಮಾಣು ಅಂತರಕ್ಕೂ ಇರುವ ವ್ಯತ್ಯಾಸ ಶೇ 1ಕ್ಕಿಂತ ಕಡಿಮೆಯಾದ್ದರಿಂದ, ಒಂದರ ಮೇಲೊಂದನ್ನು ಹೆಚ್ಚು ಬಿರುಕು, ದೋಷಗಳಿಲ್ಲದೆ ಬೆಳೆಸಲು ಸಾಧ್ಯವಿದೆ.

ಆದರೆ ಈ ಗುಣಗಳು ತಾವಾಗಿಯೇ ಕೈಗೆ ಸಿಗುವಂಥವಲ್ಲ. ಗಾಳಿಯನ್ನು ಬಹುತೇಕ ಸಂಪೂರ್ಣವಾಗಿ ಹೊರಹಾಕಿದ ನಿರ್ವಾತ ಕೋಣೆಯಲ್ಲಿ, ನೂರಾರು ಡಿಗ್ರಿ ಕಾಯಿಸಿದ ಮೆಗ್ನೀಸಿಯಂ ಆಕ್ಸೈಡ್ ಅಥವಾ ನೀಲಮಣಿಯ ತೆಳು ಬಿಲ್ಲೆಯ ಮೇಲೆ ಸ್ಕ್ಯಾಂಡಿಯಂ ಪರಮಾಣುಗಳನ್ನು ಸಾರಜನಕದ ಸಮ್ಮುಖದಲ್ಲಿ ಪದರಪದರವಾಗಿ ಕೂರಿಸಬೇಕಾಗುತ್ತದೆ. ಸ್ಕ್ಯಾಂಡಿಯಂಗೆ ಆಮ್ಲಜನಕದ ಸೆಳೆತ ವಿಪರೀತವಾದ್ದರಿಂದ, ಕೋಣೆಯಲ್ಲಿ ಅಥವಾ ಮೂಲ ಲೋಹದಲ್ಲಿ ಅಲ್ಪಸ್ವಲ್ಪ ಆಮ್ಲಜನಕ ಉಳಿದಿದ್ದರೂ ಅದು ಸಾರಜನಕದ ಜಾಗವನ್ನು ಹಿಡಿದು, ಹೆಚ್ಚುವರಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು, ಅರೆವಾಹಕವನ್ನು ಲೋಹದಂತೆ ವರ್ತಿಸುವ ಹಾಗೆ ಮಾಡಿಬಿಡುತ್ತದೆ. ಈ ಸಂಯುಕ್ತದ ಶಕ್ತಿ ಅಂತರದ ಬಗ್ಗೆ, ಎಂದರೆ ಎಲೆಕ್ಟ್ರಾನು ಬಂಧನದಿಂದ ಬಿಡಿಸಿಕೊಂಡು ಹರಿಯಲು ಬೇಕಾದ ಕನಿಷ್ಠ ಶಕ್ತಿಯ ಬಗ್ಗೆ, ದಶಕಗಳ ಕಾಲ ಒಮ್ಮತ ಮೂಡದಿದ್ದುದಕ್ಕೆ ಇಂಥ ಕಲ್ಮಶವೂ ಮುಖ್ಯ ಕಾರಣವಾಗಿತ್ತು.

ಶುದ್ಧತೆಯನ್ನು ಸಾಧಿಸಿದ ನಂತರ ದೊರೆಯುವ ಫಲ ಎಂಥದೆಂಬುದಕ್ಕೆ ಜಪಾನಿನ ಉದಾಹರಣೆಯಿದೆ. ಮೊರಿಟೊ ಅಕಿಯಾಮ ಮತ್ತು ಸಂಗಡಿಗರು 2009ರಲ್ಲಿ, ಅಲ್ಯೂಮಿನಿಯಂ ನೈಟ್ರೈಡ್‌ನಲ್ಲಿ ಅಲ್ಯೂಮಿನಿಯಂನ ಶೇ 43ರಷ್ಟು ಜಾಗಕ್ಕೆ ಸ್ಕ್ಯಾಂಡಿಯಂ ತುಂಬಿದಾಗ, ಒತ್ತಡವನ್ನು ವಿದ್ಯುತ್ತಾಗಿಯೂ ವಿದ್ಯುತ್ತನ್ನು ಕಂಪನವಾಗಿಯೂ ಮಾರ್ಪಡಿಸುವ ಗುಣ ಸುಮಾರು ಐದು ಪಟ್ಟು ಹೆಚ್ಚುತ್ತದೆ ಎಂದು ತೋರಿಸಿದರು. ಅಲ್ಯೂಮಿನಿಯಂ ನಾಲ್ಕು ಸಾರಜನಕ ಪರಮಾಣುಗಳ ನೆರೆಯನ್ನು ಬಯಸಿದರೆ ಸ್ಕ್ಯಾಂಡಿಯಂ ಆರನ್ನು ಬಯಸುತ್ತದೆ. ಎರಡರ ಜಗ್ಗಾಟದಲ್ಲಿ ಹರಳು ಸಡಿಲಗೊಂಡು, ಅಲ್ಪ ಪ್ರಚೋದನೆಗೂ ಹೆಚ್ಚು ಮಿಡಿಯುತ್ತದೆ. ಇಂದು 5ಜಿ ಫೋನುಗಳಲ್ಲಿ ಬೇಕಾದ ತರಂಗಾಂತರವನ್ನಷ್ಟೇ ಹಾಯಗೊಡುವ ಫಿಲ್ಟರ್‌ಗಳಲ್ಲಿ ಈ ಮಿಶ್ರ ನೈಟ್ರೈಡ್‌ಗೆ ಸ್ಥಾನ ದೊರೆತಿದೆ. ವಿದ್ಯುತ್ ಕ್ಷೇತ್ರದಿಂದ ಅದರ ಧ್ರುವೀಕರಣದ ದಿಕ್ಕನ್ನೇ ತಿರುಗಿಸಬಹುದೆಂದು 2019ರಲ್ಲಿ ಜರ್ಮನಿಯ ಕೀಲ್‌ನ ಸಂಶೋಧಕರು ತೋರಿಸಿಕೊಟ್ಟ ಮೇಲೆ, ವಿದ್ಯುತ್ ಇಲ್ಲದಿರುವಾಗಲೂ ಮಾಹಿತಿಯನ್ನು ಉಳಿಸಿಕೊಳ್ಳುವ ಸ್ಮೃತಿಕೋಶಗಳ ಸಂಶೋಧನೆಯೂ ಬಿರುಸಾಗಿದೆ.

ಈ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಬಿವಾಸ್ ಸಹಾ ಅವರ ತಂಡ ಉತ್ತಮ ಗುಣಮಟ್ಟದ ಸ್ಕ್ಯಾಂಡಿಯಂ ನೈಟ್ರೈಡ್ ಪದರಗಳನ್ನು ಬೆಳೆಸಿ, ಬೆಳಕಿಗೆ ಸ್ಪಂದಿಸುತ್ತ ಮಿದುಳಿನ ನರಸಂಧಿಯಂತೆ ವರ್ತಿಸುವ ಸಾಧನಗಳನ್ನು ರೂಪಿಸಿದೆ. ಇತ್ತ ಸ್ಕ್ಯಾಂಡಿಯಂ ಭೂಮಿಯ ಹೊರಪದರದಲ್ಲಿ ಸೀಸಕ್ಕಿಂತ ಹೆಚ್ಚಾಗಿಯೇ ಇದ್ದರೂ ಒಂದೆಡೆ ಸಾಂದ್ರವಾಗಿ ಸಿಗುವುದು ತೀರ ಅಪರೂಪವಾದ್ದರಿಂದ, ಅದನ್ನು ಸಾಮಾನ್ಯವಾಗಿ ಬೇರೆ ಲೋಹಗಳ ಉಪಉತ್ಪನ್ನವಾಗಿಯೇ ಪಡೆಯಬೇಕಾಗುತ್ತದೆ; ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರು ಅಂಥ ಆಕರಗಳಲ್ಲೊಂದು. ಬೆಳಗಾವಿಯ ಅಲ್ಯೂಮಿನಾ ಘಟಕದಲ್ಲೂ ಈ ಕೆಸರು ಹುಟ್ಟುತ್ತದೆ.

ಕೇಂದ್ರ ಸರ್ಕಾರ 2025ರ ಜನವರಿಯಲ್ಲಿ ಒಪ್ಪಿಗೆ ನೀಡಿದ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ₹16,300 ಕೋಟಿ ವೆಚ್ಚ ಅಂದಾಜಿಸಲಾಗಿದೆ. ಅದರ ಯಶಸ್ಸನ್ನು ತೆಗೆದ ಅದಿರಿನ ಟನ್ನುಗಳಲ್ಲಷ್ಟೇ ಅಳೆಯುವುದು ದೊಡ್ಡ ತಪ್ಪಾದೀತು. ಕೆಸರಿನಿಂದ ಬೇರ್ಪಡಿಸಿದ ಆಕ್ಸೈಡನ್ನು ಅತಿಶುದ್ಧ ಲೋಹವಾಗಿಸುವ ಘಟ್ಟ ದೇಶದೊಳಗೆ ನೆಲೆಗೊಳ್ಳದಿದ್ದರೆ, ಇಲ್ಲಿನ ಪ್ರಯೋಗಾಲಯಗಳು ಹೊರದೇಶದ ಲೋಹಕ್ಕೂ ಇಲ್ಲಿನ ಕಾರ್ಖಾನೆಗಳು ಹೊರದೇಶದ ಚಿಪ್‌ಗಳಿಗೂ ಕಾಯುವ ಸ್ಥಿತಿ ಮುಂದುವರಿಯುತ್ತದೆ. ಆದ್ದರಿಂದ ಕೆಸರಿನ ಸಂಸ್ಕರಣೆ, ಲೋಹದ ಶುದ್ಧೀಕರಣ ಮತ್ತು ಹರಳಿನ ಬೆಳವಣಿಗೆ ಎಂಬ ಮೂರು ಘಟ್ಟಗಳನ್ನೂ ಒಂದೇ ಯೋಜನೆಯಡಿ ತಂದು, ನಡುವಿನ ಶುದ್ಧೀಕರಣದ ಘಟ್ಟಕ್ಕೆ ಮೊದಲ ಹಣ ಒದಗಿಸುವುದು ಅಗತ್ಯ.