ನೀರು ಕುಡಿಯಿರಿ, ಸರಿ... ಆಮೇಲೆ?

ಬೇಸಿಗೆ ಬಂದರೆ ಆರೋಗ್ಯ ಇಲಾಖೆಯ ಸಲಹೆಯೂ ಬರುತ್ತದೆ: ಬಾಯಾರದಿದ್ದರೂ ಆಗಾಗ ನೀರು ಕುಡಿಯಿರಿ. ಸಲಹೆಯೇನೋ ಸರಿ. ಬೆಂಗಳೂರಿಗಂತೂ ಬೇಕೇಬೇಕು. ಮಂಗಳೂರಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಅಂಗಿ ಬೆನ್ನಿಗೆ ಅಂಟುತ್ತದೆ, ಮೈಯಿಂದ ನೀರು ಹೋಗುತ್ತಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಮಾರ್ಚ್-ಏಪ್ರಿಲ್ ಗಾಳಿ ಒಣಗಾಳಿ. ಬೆವರು ಹನಿಗಟ್ಟುವ ಮೊದಲೇ ಆರಿಹೋಗುತ್ತದೆ. ‘ನಮ್ಮೂರಲ್ಲಿ ಬೆವರೋದೇ ಇಲ್ಲ’ ಎಂದು ಬೀಗುವವರು ಸಂಜೆ ಅಂಗಿ ಕಳಚಿ ಬೆನ್ನಿನ ಭಾಗ ನೋಡಿಕೊಳ್ಳಬೇಕು, ಉಪ್ಪಿನ ಬಿಳಿ ಗೆರೆ ಎದ್ದಿರುತ್ತದೆ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಫ್ಯಾನ್ ಬೇಡದ ಊರು ಎಂಬ ಮಾತು ಅಜ್ಜಂದಿರ ಕಾಲಕ್ಕೇ ಮುಗಿಯಿತು.

ಆದರೆ ಕುಡಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬ ಒಂದು ಸಾಲು ಮಾತ್ರ ಆ ಸಲಹೆಯಲ್ಲಿ ಇರುವುದಿಲ್ಲ.

ಬೆಂಗಳೂರಿನ ಕಮ್ಮನಹಳ್ಳಿ ಮುಖ್ಯರಸ್ತೆಯಲ್ಲಿ ತಿನ್ನುವುದಕ್ಕೆ ಬರವಿಲ್ಲ. ಬಿರಿಯಾನಿ, ಶವರ್ಮಾ, ಮೋಮೊ, ಕೇರಳದ ಊಟ, ಹಣ್ಣಿನ ಜ್ಯೂಸು. ಮಧ್ಯಾಹ್ನದ ಹೊತ್ತಿಗೆ ಹೋಟೆಲುಗಳ ಮುಂದೆ ಡೆಲಿವರಿ ಹುಡುಗರ ಬೈಕುಗಳು ಸಾಲುಗಟ್ಟಿರುತ್ತವೆ. ಅಲ್ಲೇ ಫುಟ್‌ಪಾತಿನ ಅಂಚಿನಲ್ಲಿ ಹೂ ಮಾರುವ ಹೆಂಗಸೊಬ್ಬರು ಬಾಟಲಿಯಿಂದ ಅಂಗೈಗೆ ನೀರು ಸುರಿದುಕೊಂಡು ಹೂವಿನ ಮೇಲೆ ಚಿಮುಕಿಸಿದರು. ಒದ್ದೆ ಗೋಣಿಬಟ್ಟೆ ಸರಿಪಡಿಸಿದರು. ಕೊನೆಗೆ ಒಂದು ಗುಟುಕು ಬಾಯಿಗೆ ಹಾಕಿ, ಮುಕ್ಕಳಿಸಿ, ಪಕ್ಕದ ಮೋರಿಗೆ ಉಗಿದರು. ಬಾಟಲಿಯಲ್ಲಿ ಇನ್ನೂ ಅರ್ಧ ನೀರಿತ್ತು.

‘ಕುಡಿಯೋದಿಲ್ವಾ ಅಮ್ಮಾ?’

‘ಕುಡಿದ್ರೆ ಒಂದಕ್ಕೆ ಹೋಗ್ಬೇಕಲ್ಲ ಸಾರ್. ಎಲ್ಲಿಗೆ ಹೋಗ್ಲಿ? ಬುಟ್ಟಿ ಯಾರು ನೋಡ್ಕೊಳ್ತಾರೆ?’

ಬೆಳಿಗ್ಗೆ ಕುಡಿದ ಕಾಫಿಯೇ ಅವರ ಹೊಟ್ಟೆಯಲ್ಲಿದ್ದ ದ್ರವ. ಇನ್ನುಳಿದದ್ದು ರಾತ್ರಿ ಮನೆ ಸೇರಿದ ಮೇಲೆ.

ದೇಹಕ್ಕೆ ಈ ಲೆಕ್ಕಾಚಾರ ಹಿಡಿಸುವುದಿಲ್ಲ. ವಯಸ್ಕರ ತೂಕದಲ್ಲಿ ಅರ್ಧಕ್ಕೂ ಹೆಚ್ಚು ನೀರೇ. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ-ಎರಡು ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಟ್ಟು, ಮಿಕ್ಕದ್ದನ್ನೆಲ್ಲ ರಕ್ತಕ್ಕೆ ವಾಪಸ್ ಕೊಡುತ್ತವೆ. ರಕ್ತ ಶೇಕಡಾ ಒಂದೆರಡರಷ್ಟು ಗಾಢವಾದರೂ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಅತ್ತ ಬಾಯಾರಿಕೆ ಹುಟ್ಟುತ್ತದೆ, ಇತ್ತ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ‘ನೀರು ಬಿಡಬೇಡಿ’ ಎಂದು ಮೂತ್ರಪಿಂಡಕ್ಕೆ ತಾಕೀತು ಮಾಡುತ್ತದೆ. ಮೂತ್ರ ಕಡಿಮೆಯಾಗಿ ಕಡುಹಳದಿಗೆ ತಿರುಗುವುದು ಹೀಗೆ. ಎಷ್ಟೇ ಜಿಪುಣತನ ಮಾಡಿದರೂ ಮೈಯ ಕಲ್ಮಷ ಕಳೆಯಲು ದಿನಕ್ಕೆ ಅರ್ಧ ಲೀಟರ್ ಆದರೂ ಹೋಗಲೇಬೇಕು. ಅದಕ್ಕೂ ಅಡ್ಡಿ ಮಾಡುತ್ತ ಹೋದರೆ ಉರಿಮೂತ್ರ, ಸೋಂಕು, ಕಿಡ್ನಿ ಕಲ್ಲು. ಸಂಜೆಯ ತಲೆನೋವು, ಎದ್ದು ನಿಂತಾಗಿನ ತಲೆಸುತ್ತಿಗೆ ‘ಬಿಪಿ ಲೋ ಆಗಿದೆ’ ಎಂದು ನಾವೇ ಹೆಸರಿಟ್ಟು ಸುಮ್ಮನಾಗುತ್ತೇವೆ. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ, ಅವರ ಕಥೆ ಇನ್ನೂ ಕಷ್ಟ.

ಆಗ ನೆನಪಾಗುವುದು ಓಆರ್‌ಎಸ್. ಅದರ ಹಿರಿಮೆ ದೊಡ್ಡದು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಸಲೈನ್ ಬಾಟಲಿ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಾಲನೊಬಿಸ್ ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಕುಡಿಸಿದರು. ಸಕ್ಕರೆಯ ಅಂಶ ಜೊತೆಗಿದ್ದರೆ ಕರುಳು ಉಪ್ಪನ್ನು ಬೇಗ ಒಳಗೆಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡಾ 4ಕ್ಕೂ ಕೆಳಗಿಳಿಯಿತು. ಮನೆಯಲ್ಲಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹೆಚ್ಚು ಉಪ್ಪು ಹಾಕಬಾರದು. ಅಂಗಡಿಯ ಸಿಹಿ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಹೊತ್ತು ಮಾರಾಟವಾಗುತ್ತಿದ್ದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅದಕ್ಕೆ ತಡೆ ಹಾಕಿತು, ತಡವಾಗಿಯಾದರೂ. ಆದರೆ ಓಆರ್‌ಎಸ್ ವಾಂತಿ-ಭೇದಿಯಾದವರಿಗೆ ಜೀವದಾನ. ದಿನವೆಲ್ಲ ಗಂಟಲು ಬಿಗಿಹಿಡಿದು ಕೂತವರಿಗೆ ಅದು ಪರಿಹಾರವಲ್ಲ. ಅವರಿಗೆ ಕೊರತೆಯಾಗಿರುವುದು ನೀರಲ್ಲ.

ನೀರಿನ ಜೊತೆಗೆ ಶೌಚಾಲಯವೂ ಬೇಕೆಂಬುದು 1948ರ ಕಾರ್ಖಾನೆ ಕಾಯ್ದೆ ಬರೆದವರಿಗೆ ಗೊತ್ತಿತ್ತು. ಅದರ 18ನೇ ಸೆಕ್ಷನ್ ಕುಡಿಯುವ ನೀರಿನದಾಗಿತ್ತು, 19ನೆಯದು ಶೌಚಾಲಯದ್ದಾಗಿತ್ತು. ಒಂದರ ಬೆನ್ನಿಗೇ ಇನ್ನೊಂದು. ಗೇಟಿನ ಒಳಗಿನ ಕೆಲಸಗಾರರಿಗೆ ಸಿಕ್ಕ ಈ ಜೋಡಿ, ಬೀದಿಯೇ ಕೆಲಸದ ಜಾಗವಾದವರಿಗೆ ಸಿಗಲಿಲ್ಲ. ಶಾಲೆಯ ಮಕ್ಕಳ ಕಥೆಯೂ ಇದೇ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಹೊಡೆಯುವ ‘ವಾಟರ್ ಬೆಲ್’ ಶುರುವಾದಾಗ ಎಲ್ಲರೂ ಮೆಚ್ಚಿದೆವು. ಗಂಟೆ ಹೊಡೆದೊಡನೆ ಹುಡುಗಿಯರು ಬಾಟಲಿಯ ಮುಚ್ಚಳ ತೆರೆಯುತ್ತಾರೋ ಇಲ್ಲವೋ ಎಂಬುದು ಶಾಲೆಯ ಶೌಚಾಲಯದ ಚಿಲಕದ ಮೇಲೆ ನಿಂತಿದೆ.

ಕಮ್ಮನಹಳ್ಳಿಯ ಕೆಲವು ಅಂಗಡಿಗಳ ಮುಂದೆ ಬೇಸಿಗೆಯಲ್ಲಿ ಮಡಕೆ, ಲೋಟ ಇಡುವವರಿದ್ದಾರೆ. ರಾಮನವಮಿಗೆ ಪಾನಕ, ಮಜ್ಜಿಗೆಯೂ ಹಂಚಿಕೆಯಾಗುತ್ತದೆ. ನೀರು ಕೊಡುವುದು ನಮಗೆ ಪುಣ್ಯದ ಕೆಲಸ. ಅದರ ಮುಂದಿನ ಕೆಲಸದ ಮಾತೆತ್ತಿದರೆ ಮಾತ್ರ ಮುಖ ಸಿಂಡರಿಸುತ್ತೇವೆ. ಅದೇ ರಸ್ತೆಯ ಹೋಟೆಲುಗಳ ಒಳಗೆ ಶೌಚಾಲಯಗಳಿವೆ, ‘ಗ್ರಾಹಕರಿಗೆ ಮಾತ್ರ’. ಮಾಲೀಕರ ತಕರಾರೂ ಸುಳ್ಳಲ್ಲ: 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾದು ಕೂತವರು ಅವರು. ಪ್ರತಿ ಫ್ಲಶ್ಶಿಗೂ ಅವರೇ ದುಡ್ಡು ತೆರಬೇಕು, ತೊಳೆಯುವವರಿಗೆ ಸಂಬಳವನ್ನೂ ಅವರೇ ಕೊಡಬೇಕು.

ಹಾಗಾಗಿ ಈ ಬಾಗಿಲು ತೆರೆಸುವುದು ಬರೀ ಆದೇಶದಿಂದ ಆಗುವ ಕೆಲಸವಲ್ಲ. ದಕ್ಷಿಣ ದೆಹಲಿಯ ಪಾಲಿಕೆ 2017ರಲ್ಲಿ ಹೋಟೆಲುಗಳ ಶೌಚಾಲಯ ಸಾರ್ವಜನಿಕರಿಗೂ ತೆರೆಯಲಿ, ಬೇಕಿದ್ದರೆ 5 ರೂಪಾಯಿವರೆಗೆ ತೆಗೆದುಕೊಳ್ಳಲಿ ಎಂದಿತು. ಜರ್ಮನಿಯ ಹಲವು ಊರುಗಳಲ್ಲಿ ಪಾಲಿಕೆಯೇ ಹೋಟೆಲಿನವರಿಗೆ ತಿಂಗಳಿಗಿಷ್ಟು ಎಂದು ಕೊಟ್ಟು, ಬಾಗಿಲಿಗೊಂದು ಸ್ಟಿಕ್ಕರ್ ಅಂಟಿಸುತ್ತದೆ. ನನಗೆ ಎರಡನೆಯದೇ ವಾಸಿ ಎನಿಸುತ್ತದೆ. ನಮ್ಮ ಪಾಲಿಕೆ ಮಾರ್ಚಿನಿಂದ ಮೇವರೆಗೆ ಮೂರು ತಿಂಗಳು ಇದನ್ನು ಕಮ್ಮನಹಳ್ಳಿಯ ಈ ಒಂದು ರಸ್ತೆಯಲ್ಲಿ ಮಾಡಿ ನೋಡಲಿ. ನೀರಿನ ಬಿಲ್ಲಿನಲ್ಲಿ ಒಂದಷ್ಟು ರಿಯಾಯಿತಿ ಕೊಟ್ಟರೆ ನಾಲ್ಕಾರು ಮಾಲೀಕರಾದರೂ ಒಪ್ಪಿಯಾರು. ಸ್ಟಿಕ್ಕರ್ ಕನ್ನಡ, ತಮಿಳು, ಹಿಂದಿ ಮೂರರಲ್ಲೂ ಇರಲಿ, ಓದಲು ಬಾರದವರಿಗೆ ಚಿತ್ರವೂ ಇರಲಿ.