ಸ್ಪೀಕರ್ ಎಂಬ ಲಿಪಿಕಾರ

ಓಲೆಗರಿಯ ಪ್ರತಿಯಲ್ಲಿ ಒಂದು ಅಕ್ಷರ ಅಳಿಸಿಹೋಗಿದ್ದರೆ ನಮ್ಮ ಕನ್ನಡ ವಿಭಾಗಗಳಲ್ಲಿ ಅದರ ಮೇಲೆ ಪ್ರಬಂಧ ಮಂಡನೆಯಾಗುತ್ತದೆ. ಹಳೆಯ ಕ್ಯಾಸೆಟ್ಟಿನಲ್ಲಿ ಒಂದು ಅಕ್ಷರ ಕೇಳಿಸದಿದ್ದರೆ ವಾಲ್ಯೂಮ್ ಏರಿಸುತ್ತಾರೆ. ಆಗಲೂ ಕೇಳಿಸದಿದ್ದರೆ ಸಂದರ್ಭಕ್ಕೆ ಹೊಂದುವ ಅಕ್ಷರವೊಂದನ್ನು ಹಾಕಿ ಮುಂದಿನ ವಾಕ್ಯಕ್ಕೆ ಹೋಗುತ್ತಾರೆ. ಎರಡೂ ಕಡೆ ನಡೆಯುತ್ತಿರುವುದು ಒಂದೇ ಕೆಲಸ: ಹಿಂದಿನವರ ಮಾತನ್ನು ಮುಂದಿನವರಿಗೆ ದಾಟಿಸುವುದು. ಮೊದಲನೆಯದಕ್ಕೆ ಗ್ರಂಥಸಂಪಾದನೆ ಎಂಬ ಶಾಸ್ತ್ರವಿದೆ. ಎರಡನೆಯದಕ್ಕೆ ಮೇಜಿನ ಮೇಲೆ ಕೈಗೆ ಸಿಕ್ಕಿದ ಸ್ಪೀಕರ್ ಇದೆ. ಈ ಅಸಡ್ಡೆಯ ಬಗ್ಗೆ ಯಾರಾದರೂ ಜಗಳ ತೆಗೆಯಲೇಬೇಕು, ನಾನು ತೆಗೆಯುತ್ತಿದ್ದೇನೆ.

ನನ್ನ ಪಿಎಚ್.ಡಿ. ವಿಷಯ ತಾಳಮದ್ದಳೆಯ ಅರ್ಥಗಾರಿಕೆ. ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು: ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತನಾಡುತ್ತಾರೆ, ವಾದಿಸುತ್ತಾರೆ. ಪದ್ಯ ಮೊದಲೇ ಬರೆದದ್ದು, ಮಾತು ಆ ಕ್ಷಣದ್ದು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ಉದ್ದಕ್ಕೂ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ದೇವಸ್ಥಾನಗಳಲ್ಲಿ, ಶಾಲೆಗಳಲ್ಲಿ, ಮನೆಗಳ ಜಗಲಿಯಲ್ಲಿ ಈ ಮಾತಿನ ಮಥನ ನಡೆಯುತ್ತ ಬಂದಿದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918–2006) ಅರ್ಥವನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಂಡವರು ಊರೂರಿನಲ್ಲಿದ್ದಾರೆ. ಆ ಕ್ಯಾಸೆಟ್ಟುಗಳು ಇವತ್ತು ಅಟ್ಟದಲ್ಲಿ, ಬಿಸ್ಕೆಟ್ ಡಬ್ಬಗಳಲ್ಲಿ, ಮಳೆಗಾಲದ ಬೂಸ್ಟು ಹಿಡಿದುಕೊಂಡು ಬಿದ್ದಿವೆ. ಆ ಮಾತಿಗೆ ಬೇರೆ ಹಸ್ತಪ್ರತಿ ಇಲ್ಲ. ಧ್ವನಿಮುದ್ರಣವೇ ಮೂಲ.

ಹಾಗಿದ್ದ ಮೇಲೆ ಆ ಮೂಲವನ್ನು ನಮಗೆ ಓದಿ ಹೇಳುವ ಸ್ಪೀಕರ್ ಯಾರು? ಅದೇ ಲಿಪಿಕಾರ. ಲಿಪಿಕಾರನಿಗೆ ನಿದ್ದೆ ಬಂದರೆ ಸ್ಖಾಲಿತ್ಯ, ಅವನ ಊರಿನ ಉಚ್ಚಾರ ನುಸುಳಿದರೆ ಪಾಠಾಂತರ. ಸ್ಪೀಕರಿಗೂ ಇಂಥ ಅಭ್ಯಾಸಗಳಿವೆ. ಸಕಲ ಎಂದರೆ ಎಲ್ಲವೂ, ಶಕಲ ಎಂದರೆ ಚೂರು; ನಡುವೆ ಇರುವುದು ಒಂದು ಊಷ್ಮದ ವ್ಯತ್ಯಾಸ. ವಿರಾಟಪರ್ವದ ಗೋಗ್ರಹಣದಲ್ಲಿ ಕೌರವ ಕೊಂಡುಹೋದದ್ದು ದನವೋ ಧನವೋ ಎಂದು ಮಾತು ಬೆಳೆಸಬಲ್ಲ ಅರ್ಥಧಾರಿಯ ಇಡೀ ಚಮತ್ಕಾರ ನಿಂತಿರುವುದು ಒಂದು ಮಹಾಪ್ರಾಣದ ಉಸಿರಿನ ಮೇಲೆ. ಆ ಉಸಿರನ್ನು ಸ್ಪೀಕರ್ ನುಂಗಿದರೆ ಚಮತ್ಕಾರ ಹೋಗಿ ಪುನರುಕ್ತಿ ಉಳಿಯುತ್ತದೆ. ಆಮೇಲೆ ಸಂಶೋಧಕರು ಅಡಿಟಿಪ್ಪಣಿಯಲ್ಲಿ ಬರೆಯುತ್ತಾರೆ: ಇಲ್ಲಿ ಅರ್ಥಧಾರಿ ಹೇಳಿದ್ದನ್ನೇ ಹೇಳಿದ್ದಾರೆ.

ಇದು ಹೇಗೆ ಆಗುತ್ತದೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಗಂಡಸಿನ ಮಾತಿನ ಮೂಲಸ್ವರ ಸಾಧಾರಣವಾಗಿ ಸೆಕೆಂಡಿಗೆ ನೂರರಿಂದ ನೂರೈವತ್ತು ಕಂಪನ, ಅಂದರೆ 100–150 ಹರ್ಟ್ಝ್ ಆಸುಪಾಸಿನಲ್ಲಿರುತ್ತದೆ. ಸ್ವರದ ಗಾಂಭೀರ್ಯ ಅಲ್ಲಿದೆ. ವ್ಯಂಜನಗಳ ಗುರುತು ಇರುವುದು ಬಹುಮಟ್ಟಿಗೆ ಅದಕ್ಕಿಂತ ತುಂಬ ಮೇಲೆ, 2,000 ಹರ್ಟ್ಝ್ ದಾಟಿದ ಸೀಮೆಯಲ್ಲಿ. ಸಕಾರದ ಸದ್ದಂತೂ ಹೆಚ್ಚಾಗಿ 4,000ಕ್ಕಿಂತ ಮೇಲೆ. ಪುಸ್ತಕದ ಕಪಾಟಿನಲ್ಲಿ ಇಡಬಹುದಾದ ಗಾತ್ರದ ಬುಕ್‌ಶೆಲ್ಫ್ ಸ್ಪೀಕರುಗಳಲ್ಲಿ ಸಾಮಾನ್ಯವಾಗಿ ಎರಡು ಬಾಯಿಗಳಿರುತ್ತವೆ: ಕೆಳಗಿನ ಸದ್ದಿಗೆ ವೂಫರ್, ಮೇಲಿನದಕ್ಕೆ ಟ್ವೀಟರ್. ಒಂದು ಇನ್ನೊಂದಕ್ಕೆ ಕೆಲಸ ವಹಿಸಿಕೊಡುವ ಗಡಿ ಹಲವು ಸ್ಪೀಕರುಗಳಲ್ಲಿ 2,000–3,000 ಹರ್ಟ್ಝ್ ನಡುವೆ ಬೀಳುತ್ತದೆ. ಅಂದರೆ ಕನ್ನಡದ ವ್ಯಂಜನಗಳು ಓಡಾಡುವ ದಾರಿಯಲ್ಲೇ ಗಡಿಗೋಡೆ.

ಈಗ ನಮ್ಮ ಮನೆಗಳನ್ನು ನೋಡಿ. ಸ್ಪೀಕರ್ ಶೋಕೇಸಿನ ಮೇಲೆ ಅಥವಾ ಗೋದ್ರೆಜ್ ಕಪಾಟಿನ ತಲೆಯ ಮೇಲೆ ಇರುತ್ತದೆ. ಕೇಳುವವರು ನೆಲದ ಮೇಲೆ ಚಾಪೆ ಹಾಕಿ ಕುಳಿತಿರುತ್ತಾರೆ. ವೂಫರಿಗೂ ಟ್ವೀಟರಿಗೂ ನಡುವೆ 15 ಸೆಂಟಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ಕೇಳುಗರು 30 ಡಿಗ್ರಿ ಕೆಳಗಿದ್ದರೆ ಎರಡು ಬಾಯಿಗಳ ಸದ್ದು ಸಾಗುವ ದೂರದಲ್ಲಿ ಏಳೂವರೆ ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಇದು ಸುಮಾರು 2,300 ಹರ್ಟ್ಝ್ ಸದ್ದಿನ ಅರ್ಧ ಅಲೆ. ನೇರ ಎದುರಿನಲ್ಲಿ ಒಟ್ಟಿಗೆ ಹೆಜ್ಜೆ ಹಾಕುತ್ತಿದ್ದ ಎರಡು ಸದ್ದುಗಳು ಇಲ್ಲಿ ಒಂದನ್ನೊಂದು ಅಳಿಸುತ್ತವೆ. ಕಂಪನಿಯ ಹಾಳೆಯಲ್ಲಿ ಎಷ್ಟೇ ಚೆಂದದ ಗೆರೆ ಇರಲಿ, ಚಾಪೆಯ ಮೇಲೆ ಆ ಗೆರೆಯಲ್ಲಿ ಹೊಂಡ ಬೀಳುತ್ತದೆ.

ಕೋಣೆಯದ್ದು ಇನ್ನೊಂದು ಕಥೆ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಒಂದು ಟೆರೇಸ್ ಕೋಣೆ. ಗಾರೆ ಮಾಡಿದ ಕೆಂಪುಕಲ್ಲಿನ ಗೋಡೆ, ನುಣುಪಾದ ನೆಲ. ನಮ್ಮ 30 ಡಿಗ್ರಿ ಸೆಕೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ಲೆಕ್ಕ ಹಾಕಿದರೆ ಆ ಕೋಣೆ ತಾನಾಗಿ ಮೊರೆಯುವ ಸ್ವರಗಳು 48 ಮತ್ತು 57 ಹರ್ಟ್ಝ್, ಅವುಗಳ ಇಮ್ಮಡಿ ಸುಮಾರು 95 ಮತ್ತು 114. ಈ ಇಮ್ಮಡಿಗಳು ಅರ್ಥಧಾರಿಯ ಮೂಲಸ್ವರದ ಸೀಮೆಗೇ ಬಂದು ತಾಗುತ್ತವೆ. ಅಗಲವೂ ಎತ್ತರವೂ ಒಂದೇ ಆದ್ದರಿಂದ 57 ಮತ್ತು 114ರಲ್ಲಿ ಎರಡು ದಿಕ್ಕಿನ ಮೊರೆತ ಒಂದಾಗಿ ಸೇರುತ್ತದೆ. ಮಾತು ಗುಂಯ್ ಎನ್ನುತ್ತದೆ, ಕೇಳುವವರು "ಎಂಥ ಗಂಭೀರ ಸ್ವರ" ಎನ್ನುತ್ತಾರೆ. ಆ ಗಾಂಭೀರ್ಯದಲ್ಲಿ ಎಷ್ಟು ಪಾಲು ಕಲಾವಿದರದ್ದು, ಎಷ್ಟು ಪಾಲು ಗಾರೆಯವನದ್ದು?

ಈ ಪ್ರಶ್ನೆ ಎತ್ತಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ. "ಸಾಹಿತ್ಯದ ವಿದ್ಯಾರ್ಥಿಗೆ ಮೀಟರ್ ಯಾಕೆ? ಕಿವಿ ಇದ್ದರೆ ಸಾಕು. ಅಳತೆ ಮಾಡಿದರೆ ರಸ ಸಾಯುತ್ತದೆ." ಅಂಗಡಿಯವರು ಹೇಳುತ್ತಾರೆ, ವಿಚಾರಸಂಕಿರಣದ ಊಟದ ಸಾಲಿನಲ್ಲಿ ವಿದ್ವಾಂಸರೂ ಹೇಳುತ್ತಾರೆ. ಅಂಗಡಿಯವರಿಗೆ ದುಬಾರಿ ಪೆಟ್ಟಿಗೆ ಮಾರಬೇಕಾಗಿದೆ, ಅರ್ಥವಾಗುತ್ತದೆ. ವಿದ್ವಾಂಸರಿಗೆ ಏನಾಗಿದೆ?

ಕನ್ನಡ ಎಂ.ಎ. ಮಾಡಿದವರು ಅಳತೆಯಿಂದ ರಸ ಸಾಯುತ್ತದೆ ಎನ್ನುವುದು ತಮಾಷೆಯಾಗಿದೆ. ನಾಗವರ್ಮನ ಛಂದೋಂಬುಧಿಯಿಂದ ಈಚೆಗೆ ಸಾವಿರ ವರ್ಷ ನಾವು ಲಘು-ಗುರು ಹಾಕುತ್ತಲೇ ಬಂದಿದ್ದೇವೆ. ನಮ್ಮದೇ ಕಡೆಯ ಸೇಡಿಯಾಪು ಕೃಷ್ಣ ಭಟ್ಟರು (1902–1996) ಛಂದೋಗತಿ ಎಂದು ಒಂದು ಇಡೀ ಪುಸ್ತಕವನ್ನೇ ಬರೆದರು. ಅದರಿಂದ ಯಾವ ಪದ್ಯ ಸತ್ತಿತು? ತಾಳ ಎಂದರೇನು, ಅಳತೆಯಲ್ಲವೇ? ಚೌಕಿಯಲ್ಲಿ ಚೆಂಡೆಯ ಹಗ್ಗ ಬಿಗಿದು ಶ್ರುತಿ ಕೂಡಿಸುವವರು ಏನು ಮಾಡುತ್ತಿದ್ದಾರೆ? ಶ್ರುತಿಪೆಟ್ಟಿಗೆ ಬೇಡ, ನನ್ನ ರಸಿಕತೆಯೇ ಶ್ರುತಿ ಎಂದ ಭಾಗವತರನ್ನು ನಾನಿನ್ನೂ ಕಂಡಿಲ್ಲ.

ವಿಜ್ಞಾನದ ಕಡೆಯಿಂದಲೇ ಉದಾಹರಣೆ ಬೇಕಿದ್ದರೆ ಅದೂ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದ ಸಿ.ವಿ. ರಾಮನ್ 1934ರಲ್ಲಿ ಭಾರತೀಯ ಚರ್ಮವಾದ್ಯಗಳ ಮೇಲೆ ಒಂದು ಲೇಖನ ಪ್ರಕಟಿಸಿದರು. ಸಾಧಾರಣ ಡೋಲಿನ ಚರ್ಮ ಎಬ್ಬಿಸುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲಗಡೆಯ ಕಪ್ಪು ಕರಣೆ ಅವುಗಳನ್ನು ತಂತಿವಾದ್ಯದಂತೆ ಸಾಲಾಗಿ ಹೊಂದಿಸುತ್ತದೆ ಎಂದು ತೋರಿಸಿದರು. ಕರಣೆ ಹಚ್ಚುವವರ ತಲೆಮಾರುಗಳ ಜಾಣ್ಮೆಗೆ ಆ ಅಳತೆ ಸಾಕ್ಷಿ ಹೇಳಿತು. ಅಳತೆಯಿಂದ ಕುಶಲಕರ್ಮಿಯ ಗೌರವ ಹೆಚ್ಚಿತೇ ಹೊರತು ಮೃದಂಗದ ನಾದ ಕಡಿಮೆಯಾಗಲಿಲ್ಲ.

ಹಾಗೆಂದು ನಾನು ಕಿವಿಯನ್ನು ಕೆಲಸದಿಂದ ತೆಗೆಯಿರಿ ಎನ್ನುತ್ತಿಲ್ಲ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಮಾಡಿದ್ದು ಕಿವಿಯನ್ನೇ ನಂಬುವ ಕೆಲಸ. ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು, ಸದ್ದಿನ ಮಟ್ಟ ಸಮ ಮಾಡಿ, ಜನರಿಂದ ಅಂಕ ಹಾಕಿಸಿದರು. ಎದುರಿನಲ್ಲೂ ಬದಿಯಲ್ಲೂ ಏರುತಗ್ಗಿಲ್ಲದೆ ನುಡಿಯುವ ಸ್ಪೀಕರುಗಳಿಗೇ ಹೆಚ್ಚು ಅಂಕ ಬಂತು. 1994ರಲ್ಲಿ ಅವರೂ ಶಾನ್ ಆಲಿವ್ ಅವರೂ ಸೇರಿ ಅದೇ ಸ್ಪೀಕರುಗಳನ್ನು ಕಾಣಿಸಿಯೂ ಮರೆಮಾಡಿಯೂ ಕೇಳಿಸಿದಾಗ, ಕಂಡ ಕೂಡಲೇ ಅಂಕಗಳು ಬದಲಾದವು. ಕಿವಿಯ ನ್ಯಾಯವನ್ನು ಕೆಡಿಸುವುದು ಕಣ್ಣು: ಬ್ರ್ಯಾಂಡ್ ಹೆಸರು, ಪೆಟ್ಟಿಗೆಯ ಗಾತ್ರ, ಬೆಲೆಯ ಚೀಟಿ. "ಕಿವಿ ಇದ್ದರೆ ಸಾಕು" ಎನ್ನುವವರು ನಿಜಕ್ಕೂ ಕಿವಿಯಿಂದ ಕೇಳುತ್ತಿದ್ದರೆ ಒಂದು ಪರದೆಗೆ ಹೆದರುವುದು ಯಾಕೆ?

ಮನೆಯಲ್ಲೇ ಮಾಡಬಹುದಾದ ಕ್ರಮ ಕಷ್ಟದ್ದಲ್ಲ. ರೂಮ್ ಇಕ್ಯೂ ವಿಝಾರ್ಡ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅಳತೆಗೆಂದೇ ಮಾಡಿದ ಯುಎಸ್‌ಬಿ ಮೈಕ್ ಒಂದನ್ನು ನಾಲ್ಕು ಜನ ಸೇರಿ ಕೊಳ್ಳಬಹುದು. ಅದೂ ಇಲ್ಲದಿದ್ದರೆ ಮೊಬೈಲಿನ ಮೈಕೂ ಹೋಲಿಕೆಗೆ ಸಾಕು, ಯಾಕೆಂದರೆ ಮೈಕಿನ ದೋಷ ಎರಡು ಸ್ಪೀಕರುಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಮೈಕನ್ನು ಚಾಪೆಯ ಮೇಲೆ ಕುಳಿತವರ ಕಿವಿಯ ಎತ್ತರಕ್ಕೆ ಇಡಿ. ಮಳೆ ಸುರಿದಂತೆ ಕೇಳುವ ಪಿಂಕ್ ನಾಯ್ಸ್ ನುಡಿಸಿ, ಎರಡರ ಮಟ್ಟ ಅರ್ಧ ಡೆಸಿಬೆಲ್ ಒಳಗೆ ಬರುವಂತೆ ಹೊಂದಿಸಿ. ಈ ಒಂದು ಹೆಜ್ಜೆ ತಪ್ಪಿದರೆ ಎಲ್ಲ ತಪ್ಪಿತು: ಸ್ವಲ್ಪ ಜೋರಾಗಿ ನುಡಿಯುವುದೇ ಉತ್ತಮವೆಂದು ಕಿವಿಗೆ ಅನ್ನಿಸುತ್ತದೆ. ಆಮೇಲೆ ಒಂದು ತೆಳು ಬೈರಾಸು ಅಡ್ಡ ಕಟ್ಟಿ, ಇನ್ನೊಬ್ಬರಿಂದ ಅದಲುಬದಲು ಮಾಡಿಸಿ ಕೇಳಿ.

ಕೋಣೆಯನ್ನು ಲೆಕ್ಕದಿಂದ ಹೊರಗಿಟ್ಟು ಸ್ಪೀಕರನ್ನಷ್ಟೇ ಅಳೆಯಬೇಕೆಂದರೆ ವಿದೇಶದವರು ಲಕ್ಷಗಟ್ಟಲೆ ಸುರಿದು ಪ್ರತಿಧ್ವನಿಯಿಲ್ಲದ ಕೋಣೆ ಕಟ್ಟುತ್ತಾರೆ. ನಮ್ಮಲ್ಲಿ ಅಡಿಕೆ ಅಂಗಳವಿದೆ. ಗೋಡೆ ದೂರ, ಮಾಡು ಇಲ್ಲ. ಅಡಿಕೆ ಹರವದ ಒಂದು ಮೂಲೆಯಲ್ಲಿ ಸ್ಪೀಕರನ್ನೂ ಮೈಕನ್ನೂ ನೆಲದಲ್ಲೇ ಇಟ್ಟರೆ ನೆಲದಿಂದ ಮರಳುವ ಸದ್ದು ನೇರ ಸದ್ದಿನ ಜೊತೆಗೇ ಬಂದು ಸೇರುತ್ತದೆ. ಮಟ್ಟ ಒಟ್ಟಾರೆ ಏರುತ್ತದೆ, ಗೆರೆಯ ಆಕಾರ ಹೆಚ್ಚು ಕೆಡುವುದಿಲ್ಲ. ಜೀರುಂಡೆ ಶುರುವಾಗುವ ಮೊದಲು ಮುಗಿಸಿಕೊಂಡರಾಯಿತು.

ನಾನು ಹೀಗೆ ಹೋಲಿಸಿದ ಎರಡು ಜೋಡಿಗಳಲ್ಲಿ ದುಬಾರಿಯದಕ್ಕೆ 100 ಹರ್ಟ್ಝ್ ಸುತ್ತ ಉಬ್ಬು, ಗಡಿಯ ಸೀಮೆಯಲ್ಲಿ ತಗ್ಗು. ಅಗ್ಗದ್ದು ಸಾಧುವಾಗಿತ್ತು. ಸುಳ್ಯದ ಕಡೆಯ ಹಿರಿಯ ಅರ್ಥಧಾರಿಯೊಬ್ಬರು ದೊಡ್ಡ ಪೆಟ್ಟಿಗೆ ಕಂಡದ್ದೇ ಅದನ್ನು ಮೆಚ್ಚಿದರು. ಬೈರಾಸು ಕಟ್ಟಿದ ಮೇಲೆ ಮತ್ತೆ ಮತ್ತೆ ಚಿಕ್ಕದನ್ನೇ ಆರಿಸಿದರು. "ಇದರಲ್ಲಿ ಅಕ್ಷರ ಹಲ್ಲಿಗೆ ತಾಗಿ ಬರ್ತದೆ ಮಾರಾಯ. ಅದರಲ್ಲಿ ಬಾಯಲ್ಲಿ ವೀಳ್ಯ ಇಟ್ಟುಕೊಂಡು ಮಾತಾಡಿದ ಹಾಗೆ." ಮೈಕ್ ಎಳೆದ ಗೆರೆಯೂ ಅವರ ಮಾತೂ ಒಂದೇ ವಿಷಯ ಹೇಳುತ್ತಿದ್ದವು. ಆದರೆ ವೀಳ್ಯದ ಉಪಮೆ ಯಾವ ತಂತ್ರಾಂಶದಲ್ಲೂ ಇಲ್ಲ. ಅದಕ್ಕೇ ನನಗೆ ಎರಡೂ ಬೇಕು.

ಹೆಡ್‌ಫೋನ್ ಹಾಕಿ ಕೇಳಬಾರದೇ ಎಂದು ಕೇಳಬಹುದು. ಕೋಣೆಯ ಕಾಟ ತಪ್ಪುತ್ತದೆ, ನಿಜ, ನಾನೂ ಬಳಸುತ್ತೇನೆ. ಆದರೆ ತಾಳಮದ್ದಳೆಯ ಲಿಪ್ಯಂತರ ಒಬ್ಬರ ಕೆಲಸವಲ್ಲ. ಆ ಕೂಟದಲ್ಲಿ ಇದ್ದವರು, ಆ ಮಾತಿನ ಹಿಂದಿನ ಚೇಷ್ಟೆ ಗೊತ್ತಿದ್ದವರು ಜೊತೆಗೆ ಕುಳಿತು ಕೇಳಿ, "ಅಲ್ಲ, ಅದು ಹಾಗಲ್ಲ" ಎನ್ನಬೇಕು. ಎಂಬತ್ತರ ಅಜ್ಜನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಸಂಶೋಧನೆ ನಡೆಯುವುದಿಲ್ಲ. ಮೇಲಾಗಿ ಹೆಡ್‌ಫೋನಿಗೂ ಅದರದ್ದೇ ಉಬ್ಬುತಗ್ಗುಗಳಿವೆ.

ಸಂಗೀತ ಕೇಳಲೆಂದು ಮಾರುವ ಪೆಟ್ಟಿಗೆಯನ್ನು ಮಾತಿನಿಂದ ಪರೀಕ್ಷಿಸುವುದು ನನ್ನ ಹುಚ್ಚೂ ಅಲ್ಲ. 1970ರ ದಶಕದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ಎಲ್‌ಎಸ್3/5ಎ ಎಂಬ ಚಿಕ್ಕ ಸ್ಪೀಕರನ್ನು ರೂಪಿಸಿತು. ಅಲ್ಲಿನ ಇಂಜಿನಿಯರುಗಳು ಸ್ಪೀಕರ್ ಪರೀಕ್ಷೆಗೆ ಮನುಷ್ಯನ ಮಾತನ್ನೇ ಒರೆಗಲ್ಲಾಗಿ ಬಳಸುತ್ತಿದ್ದರು. ವಾದ್ಯದ ಸದ್ದು ಸ್ವಲ್ಪ ಬದಲಾದರೆ ಹೊಸ ವಾದ್ಯವೆಂದುಕೊಳ್ಳಬಹುದು. ಪರಿಚಯದವರ ಸ್ವರ ಬದಲಾದರೆ ಕೂಡಲೇ ಗೊತ್ತಾಗುತ್ತದೆ.

ಇಷ್ಟರಿಂದ ವಾಲಿಯ ಪ್ರಶ್ನೆಗೆ ರಾಮ ಕೊಟ್ಟ ಉತ್ತರ ಸರಿಯೋ ತಪ್ಪೋ ತಿಳಿಯುವುದಿಲ್ಲ. ಡೆಸಿಬೆಲ್‌ಗೆ ಆ ಯೋಗ್ಯತೆ ಇಲ್ಲ. ಆದರೆ ವಾಲಿ ಏನು ಕೇಳಿದನೆಂಬುದಾದರೂ ಸರಿಯಾಗಿ ತಿಳಿಯಬೇಡವೇ? ಕ್ಯಾಸೆಟ್ಟಿನ ಸುಯ್ ಸದ್ದು ಕಿರಿಕಿರಿಯೆಂದು ಟ್ರೆಬಲ್ ಗುಂಡಿ ತಿರುಗಿಸಿ ಕಡಿಮೆ ಮಾಡುವಾಗ ಸುಯ್ ಸದ್ದಿನ ಜೊತೆಗೆ ಸಕಾರ ಶಕಾರಗಳೂ ಹೋಗುತ್ತವೆ. ಹೋದದ್ದನ್ನು ಆಮೇಲೆ ವಿಮರ್ಶೆ ತುಂಬಿಕೊಡುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಮೌಖಿಕ ಪಠ್ಯದ ಮೇಲೆ ಪಿಎಚ್.ಡಿ. ಸಲ್ಲಿಸುವವರು ಯಾವ ಸ್ಪೀಕರಿನಲ್ಲಿ, ಎಂಥ ಕೋಣೆಯಲ್ಲಿ, ಎಲ್ಲಿ ಕುಳಿತು ಕೇಳಿದರೆಂದು ಅನುಬಂಧದಲ್ಲಿ ಅರ್ಧ ಪುಟ ಬರೆಯಲಿ. ಓಲೆಗರಿಯ ಉದ್ದಗಲ ಬರೆಯುವುದಿಲ್ಲವೇ, ಹಾಗೆ. ಸಂದೇಹದ ಅಕ್ಷರಗಳನ್ನು ಕಂಸದಲ್ಲಿ ಹಾಕಲಿ. ಪ್ರತಿ ವಿಭಾಗ ಒಂದು ಅಳತೆಯ ಮೈಕ್ ಇಟ್ಟುಕೊಳ್ಳಲಿ. ಒಂದು ವಿಚಾರಸಂಕಿರಣದ ಶಾಲು-ಹಾರದ ಖರ್ಚು ಉಳಿಸಿದರೆ ಅದಕ್ಕೆ ದಾರಿಯಾಗುತ್ತದೆ. ಅಟ್ಟದ ಡಬ್ಬಗಳಲ್ಲಿ ಟೇಪು ಒಂದೊಂದೇ ಮಳೆಗಾಲಕ್ಕೆ ಹಾಳಾಗುತ್ತಿದೆ, ಕೇಳಿ ತಿದ್ದಬಲ್ಲ ಹಿರಿಯರ ಸಂಖ್ಯೆಯೂ ಕಡಿಮೆಯಾಗುತ್ತಿದೆ. ಅವರು ಇರುವಾಗಲೇ, ಸ್ಪೀಕರನ್ನು ಕಪಾಟಿನ ತಲೆಯಿಂದ ಕೆಳಗಿಳಿಸಿ ಅವರ ಕಿವಿಯ ಎತ್ತರಕ್ಕೆ ಇಡಿ. ಉಳಿದ ಅಳತೆ ಅಲ್ಲಿಂದ ಶುರುವಾಗಲಿ.