ಎಜಾರಿ ನೋಡದೆ ದುಡ್ಡು ಕೊಡಬೇಡಿ

ಮುರಕ್ಕಬಾತ್, ರಿಗ್ಗಾ, ಸಲಾಹುದ್ದೀನ್ ರಸ್ತೆಯ ಆಸುಪಾಸಿನಲ್ಲಿರುವ ಕನ್ನಡಿಗ ಬಂಧುಗಳೇ,

2025ರ ಜೂನ್‌ನಲ್ಲಿ ದುಬೈ ಮುನ್ಸಿಪಾಲಿಟಿಯವರು ಫ್ಲಾಟುಗಳೊಳಗಿನ ಅಕ್ರಮ ಪಾರ್ಟಿಷನ್‌ಗಳನ್ನು ತೆಗೆಸಲು ಹೊರಟಾಗ ಹೆಸರಿಸಿದ ಬಡಾವಣೆಗಳಲ್ಲಿ ನಮ್ಮದೂ ಇತ್ತು: ಅಲ್ ರಿಗ್ಗಾ, ಅಲ್ ಮುರಕ್ಕಬಾತ್, ಅಲ್ ಬರ್ಶಾ, ಸತ್ವಾ, ಅಲ್ ರಫಾ. ಸಿವಿಲ್ ಡಿಫೆನ್ಸ್‌ನವರೂ ಭೂ ಇಲಾಖೆಯವರೂ ಜೊತೆಗಿದ್ದರು. ಹಾಲ್ ಅನ್ನು ಜಿಪ್ಸಮ್ ಹಲಗೆಯಿಂದ ನಾಲ್ಕು ಕೋಣೆ ಮಾಡಿ ಬಾಡಿಗೆಗೆ ಕೊಡುವ ವ್ಯವಹಾರ ಇಲ್ಲಿ ಹೊಸದಲ್ಲ, ಗುಟ್ಟಿನದೂ ಅಲ್ಲ. ಆದರೆ ಆಗ ನಮ್ಮವರ ಬಾಯಲ್ಲಿ ಹೆಚ್ಚು ಕೇಳಿಬಂದ ಪ್ರಶ್ನೆ ಇದು: "ಮುನ್ಸಿಪಾಲಿಟಿಯಲ್ಲಿ ಯಾರಾದರೂ ಗುರ್ತದವರು ಇದ್ದಾರಾ ಮಾರಾಯ್ರೆ?" ಈ ಪ್ರಶ್ನೆಯನ್ನು ಬಿಟ್ಟುಬಿಡೋಣ ಎಂದು ಕೇಳಿಕೊಳ್ಳಲು ಈ ಪತ್ರ.

ಪ್ರಶ್ನೆ ಎಲ್ಲಿಂದ ಬಂತು ಎಂಬುದು ನನಗೆ ಅರ್ಥವಾಗುತ್ತದೆ. ಊರಿನಲ್ಲಿ ಚರಂಡಿ ಕಟ್ಟಿಕೊಂಡರೆ ನಾವು ಹೋಗುವುದು ಕಚೇರಿಗಲ್ಲ, ವಾರ್ಡಿನ ಸದಸ್ಯರ ಮನೆಗೆ. ಮಂಗಳೂರು ಪಾಲಿಕೆಗೆ 60 ವಾರ್ಡು, ಉಡುಪಿ ನಗರಸಭೆಗೆ 35. ಭಾರತದ ಸಂವಿಧಾನದಲ್ಲಿ ಸ್ಥಳೀಯ ಆಡಳಿತ ರಾಜ್ಯಗಳ ಪಟ್ಟಿಗೆ ಸೇರಿದ್ದು. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯು ಅದಕ್ಕೆ ಐದು ವರ್ಷಕ್ಕೊಮ್ಮೆ ಚುನಾವಣೆ ಎಂಬ ಬೇಲಿ ಹಾಕಿತು. (ಬೇಲಿ ಎಷ್ಟು ಗಟ್ಟಿ ಎಂಬುದನ್ನು ಬೆಂಗಳೂರಿನವರು ಹೇಳಲಿ. 2020ರ ಸೆಪ್ಟೆಂಬರ್‌ನಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ದಾಟಿತು, ಪಾಲಿಕೆಯನ್ನು ಐದಾಗಿ ಒಡೆದದ್ದೂ ಆಯಿತು, ಅಷ್ಟರಲ್ಲಿ ಚುನಾವಣೆ ಮಾತ್ರ ಆಗಲಿಲ್ಲ.) ಏನೇ ಇರಲಿ, ಸದಸ್ಯರ ಶಿಫಾರಸಿನಿಂದ ಕೆಲಸ ಆಗುತ್ತದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಮುರಕ್ಕಬಾತಿಗೆ ಅಂಥ ಸದಸ್ಯರಿಲ್ಲ. ಇಲ್ಲಿ ಇರುವುದು ಇಲಾಖೆ, ಇನ್‌ಸ್ಪೆಕ್ಟರ್, ನಿಮ್ಮ ಹೆಸರಿರುವ ದಾಖಲೆ. ಕೊನೆಯದು ಇಲ್ಲದಿದ್ದರೆ ಮೊದಲ ಎರಡರ ಮುಂದೆ ನೀವು ಯಾರೂ ಅಲ್ಲ.

ಭಾರತದಂತೆ ನಾವಿರುವ ಈ ಯುಎಇ ದೇಶವೂ ಒಕ್ಕೂಟವೇ. 1971ರ ಡಿಸೆಂಬರ್ 2ರಂದು ಆರು ಎಮಿರೇಟುಗಳು ಕೂಡಿದವು, ಮರುವರ್ಷ ಫೆಬ್ರುವರಿಯಲ್ಲಿ ರಾಸ್ ಅಲ್ ಖೈಮಾ ಏಳನೆಯದಾಗಿ ಸೇರಿತು. ಸಂವಿಧಾನದ 120 ಮತ್ತು 121ನೇ ವಿಧಿಗಳು ವಿದೇಶಾಂಗ, ರಕ್ಷಣೆ, ನಾಣ್ಯ, ಪೌರತ್ವ, ಕಾರ್ಮಿಕ ಕಾನೂನು ಮೊದಲಾದವನ್ನು ಒಕ್ಕೂಟಕ್ಕೆ ಕೊಟ್ಟಿವೆ. ಉಳಿದದ್ದೆಲ್ಲ ಆಯಾ ಎಮಿರೇಟಿನದು ಎನ್ನುತ್ತದೆ 122. ನಗರಾಡಳಿತ ಆ 'ಉಳಿದದ್ದರಲ್ಲಿ' ಬರುತ್ತದೆ. ಅದು ಸಹಜವೂ ಹೌದು, ಏಕೆಂದರೆ 1954ರಲ್ಲಿ ಶುರುವಾದ ದುಬೈ ಮುನ್ಸಿಪಾಲಿಟಿ ದೇಶಕ್ಕಿಂತ ಹದಿನೇಳು ವರ್ಷ ದೊಡ್ಡದು. ಶಾರ್ಜಾದ್ದು ಇನ್ನೂ ಹಿಂದಿನದು, 1927ರದ್ದು.

ಹಾಗಾಗಿ ನಿಮ್ಮ ಕೆಲಸದ ಕರಾರು ಅಬುಧಾಬಿಯಲ್ಲೂ ದುಬೈಯಲ್ಲೂ ಒಂದೇ ಕಾನೂನಿನಡಿ ಬರುತ್ತದೆ, ಮನೆಯ ಕರಾರು ಹಾಗಲ್ಲ. ದುಬೈಯಲ್ಲಿ ಅದು ಭೂ ಇಲಾಖೆಯ ಎಜಾರಿ ಎಂಬ ವ್ಯವಸ್ಥೆಯಲ್ಲಿ ನೋಂದಣಿಯಾಗಬೇಕು. ಅಬುಧಾಬಿಯಲ್ಲಿ ಅದಕ್ಕೆ ತೌತೀಕ್ ಎಂಬ ಬೇರೆಯೇ ವ್ಯವಸ್ಥೆ ಇದೆ. ಶಾರ್ಜಾದಲ್ಲಿ ಮುನ್ಸಿಪಾಲಿಟಿಯೇ ದೃಢೀಕರಿಸುತ್ತದೆ. ಅಲ್ ನಹ್ದಾದ ಈಚೆ ಬದಿ ದುಬೈ, ಆಚೆ ಬದಿ ಶಾರ್ಜಾ. ರಸ್ತೆ ದಾಟಿದರೆ ಕರೆಂಟು ಬಿಲ್ಲಿನ ಹೆಸರೂ ಬದಲು, ಬಾಡಿಗೆ ತಕರಾರು ಕೇಳುವವರೂ ಬೇರೆ. 2022ರ ಜನವರಿಯಲ್ಲಿ ವಾರದ ರಜೆ ಬದಲಾದದ್ದು ನೆನಪಿರಬಹುದು. ಒಕ್ಕೂಟ ಸರ್ಕಾರ ಶುಕ್ರವಾರ ಅರ್ಧ ದಿನ ಕೆಲಸ ಇಟ್ಟರೆ ಶಾರ್ಜಾ ಶುಕ್ರವಾರವನ್ನೂ ಪೂರ್ತಿ ಬಿಟ್ಟಿತು. ಅದೇ ವರ್ಷ ಅಬುಧಾಬಿ ಪ್ಲಾಸ್ಟಿಕ್ ಚೀಲವನ್ನು ಜೂನ್‌ನಲ್ಲಿ ನಿಷೇಧಿಸಿತು. ದುಬೈ ಜುಲೈಯಿಂದ ಒಂದಕ್ಕೆ 25 ಫಿಲ್ಸ್ ವಸೂಲಿ ಶುರುಮಾಡಿ, ನಿಷೇಧವನ್ನು 2024ಕ್ಕೆ ತಂದಿತು. "ಅಬುಧಾಬಿಯಲ್ಲಿರುವ ನಮ್ಮ ಭಾವ ಹೇಳಿದರು" ಎಂಬ ಆಧಾರದ ಮೇಲೆ ನಮ್ಮ ದೇರಾದಲ್ಲಿ ಮನೆ ಹಿಡಿಯಬೇಡಿ ಎನ್ನುವುದು ಇದಕ್ಕೇ.

ದುಬೈಯೊಳಗೂ ಎಲ್ಲವೂ ಒಂದೇ ಕಚೇರಿಯಲ್ಲಿಲ್ಲ. ಕಸ, ಚರಂಡಿ, ತಿಗಣೆ ಜಿರಳೆ, ಹೋಟೆಲಿನ ಶುಚಿತ್ವ, ಕಟ್ಟಡದೊಳಗಿನ ಅನಧಿಕೃತ ಗೋಡೆ ಇವೆಲ್ಲ ಮುನ್ಸಿಪಾಲಿಟಿ. ನೀರು ಕರೆಂಟು 1992ರಿಂದ ದೇವಾ. ರಸ್ತೆ, ಬಸ್ಸು 2005ರಿಂದ ಆರ್‌ಟಿಎ. ಬಾಡಿಗೆ ಕರಾರು ಭೂ ಇಲಾಖೆಯದು, ಅದರ ವ್ಯಾಜ್ಯಕ್ಕೆ 2013ರಲ್ಲಿ ಶುರುವಾದ ಬಾಡಿಗೆ ವಿವಾದ ಕೇಂದ್ರವಿದೆ. ಮುನ್ಸಿಪಾಲಿಟಿ, ಭೂ ಇಲಾಖೆ ಎರಡರ ಕಟ್ಟಡಗಳೂ ಕ್ರೀಕ್ ದಂಡೆಯ ಬನಿಯಾಸ್ ರಸ್ತೆಯಲ್ಲೇ ಇವೆ; ಚಳಿಗಾಲದಲ್ಲಾದರೆ ನಮ್ಮ ಬೀದಿಯಿಂದ ನಡೆದೇ ಹೋಗಬಹುದು.

ನಗರಕ್ಕೆ ನಾವು ತೆರಿಗೆ ಕಟ್ಟುವುದಿಲ್ಲ ಎನ್ನುವವರು ದೇವಾ ಬಿಲ್ಲನ್ನು ಒಮ್ಮೆ ಬಿಡಿಸಿ ನೋಡಲಿ. ಹೌಸಿಂಗ್ ಫೀ ಎಂದು ಅಲ್ಲಿರುವುದು ವರ್ಷದ ಬಾಡಿಗೆಯ ಶೇ 5, ಹನ್ನೆರಡು ಕಂತಿನಲ್ಲಿ. ಬಾಡಿಗೆ 60,000 ದಿರ್ಹಮ್ ಆದರೆ ತಿಂಗಳಿಗೆ 250. ಪಾರ್ಟಿಷನ್‌ನಲ್ಲಿ ಇರುವ ಹುಡುಗನ ಬಾಡಿಗೆಯಲ್ಲೂ ಇದರ ಪಾಲು ಸೇರಿರುತ್ತದೆ. ಆದರೆ ಕಟ್ಟಿದ್ದಕ್ಕೆ ದಾಖಲೆ ಮಾತ್ರ ಇನ್ನೊಬ್ಬರ ಹೆಸರಲ್ಲಿ.

ಈಗ ಕಾನೂನಿನ ವಿಷಯ. 2007ರ 26ನೇ ಕಾನೂನಿನ ಪ್ರಕಾರ ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಬಾಡಿಗೆದಾರ ಇನ್ನೊಬ್ಬರಿಗೆ ಬಾಡಿಗೆ ಕೊಡುವಂತಿಲ್ಲ. ಕೊಟ್ಟರೆ ಅವಧಿ ಮುಗಿಯುವ ಮೊದಲೇ ಇಬ್ಬರನ್ನೂ ಹೊರಹಾಕಬಹುದು. ಒಳಬಾಡಿಗೆಗೆ ಬಂದವರು ಪರಿಹಾರ ಕೇಳಬೇಕಾದದ್ದು ಮಾಲೀಕರಿಂದಲ್ಲ, ತಮ್ಮಿಂದ ದುಡ್ಡು ತೆಗೆದುಕೊಂಡವರಿಂದ. ಅಂದರೆ ನಮ್ಮ ಲೆಕ್ಕದಲ್ಲಿ ಎಷ್ಟೋ ಸಲ 'ಊರಿನ ಅಣ್ಣ'ನಿಂದ. 2022ರ ಸೆಪ್ಟೆಂಬರ್‌ನಲ್ಲಿ ಭೂ ಇಲಾಖೆ ಮನೆಯಲ್ಲಿರುವ ಎಲ್ಲರ ವಿವರವನ್ನೂ ದುಬೈ ರೆಸ್ಟ್ ಆ್ಯಪಿನಲ್ಲಿ ಸೇರಿಸಲು ಹೇಳಿತು. ಅದರಲ್ಲಿ ಹೆಸರಿದ್ದರೆ ನೀವು ಆ ಮನೆಯಲ್ಲಿದ್ದೀರಿ, ಇಲ್ಲದಿದ್ದರೆ ಇಲ್ಲ.

ಇದು ಬರೀ ಕಾಗದದ ಮಾತೂ ಅಲ್ಲ. 2023ರ ಏಪ್ರಿಲ್ 15ರಂದು ಇಲ್ಲೇ ದೇರಾದ ಅಲ್ ರಾಸ್‌ನಲ್ಲಿ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 16 ಜನ ಸತ್ತರು. ಅದರಲ್ಲಿ ಕೇರಳದ ದಂಪತಿ ಇದ್ದರು, ತಮಿಳುನಾಡಿನವರಿದ್ದರು. ಸುರಕ್ಷತಾ ನಿಯಮ ಪಾಲಿಸದ್ದು ಪ್ರಾಥಮಿಕ ತನಿಖೆಯಲ್ಲಿ ಕಂಡುಬಂತು. ಒಂದು ಫ್ಲಾಟಿನಲ್ಲಿ ಹೊಗೆ ತುಂಬಿದಾಗ ಹಲಗೆ ಗೋಡೆಗಳ ನಡುವಿನ ಎರಡಡಿ ಓಣಿಯಲ್ಲಿ, ಕತ್ತಲಲ್ಲಿ, ಹತ್ತು ಹನ್ನೆರಡು ಜನ ಒಂದೇ ಬಾಗಿಲು ಹುಡುಕುವುದನ್ನು ಯೋಚಿಸಿ. ಇನ್‌ಸ್ಪೆಕ್ಟರ್ ಬಾಗಿಲು ತಟ್ಟಿದಾಗ "ಬಡವರ ಹೊಟ್ಟೆಗೆ ಹೊಡೆಯುತ್ತಾರೆ" ಎನ್ನುವವರ ಸಿಟ್ಟಿನಲ್ಲಿ ಹುರುಳಿಲ್ಲ ಎನ್ನಲಾರೆ. ಸಂಬಳ ಕಡಿಮೆ, ಬಾಡಿಗೆ ಹೆಚ್ಚು, ಗೋಡೆ ಒಡೆದ ರಾತ್ರಿ ಆ ಹುಡುಗ ಎಲ್ಲಿ ಮಲಗಬೇಕು? ಆದರೆ ಆ ಸಿಟ್ಟಿನ ಮರೆಯಲ್ಲಿ ನಿಂತು ತಿಂಗಳಿಗೆ ಲಾಭ ಎಣಿಸುವವರೂ ನಮ್ಮಲ್ಲಿದ್ದಾರೆ.

ಅವರಲ್ಲೇ ಮೊದಲ ಮನವಿ. ಫ್ಲಾಟು ಹಿಡಿದು, ಗೋಡೆ ಎಬ್ಬಿಸಿ, ರಶೀದಿಯಿಲ್ಲದೆ ದುಡ್ಡು ತೆಗೆದುಕೊಳ್ಳುವ ಅಣ್ಣಂದಿರೇ, ಅಕ್ಕಂದಿರೇ, ದಯವಿಟ್ಟು ನಿಲ್ಲಿಸಿ. ಹಂಚಿಕೊಂಡು ಇರುವುದು ತಪ್ಪಲ್ಲ. ಮಾಲೀಕರ ಒಪ್ಪಿಗೆ ಬರಹದಲ್ಲಿ ಪಡೆದು, ಇರುವವರ ಹೆಸರು ಸೇರಿಸಿ, ಗೋಡೆಯಿಲ್ಲದೆ, ಕಟ್ಟಡಕ್ಕೆ ತಾಳುವಷ್ಟೇ ಜನ ಇರಿ.

ವಿಸಿಟ್ ವೀಸಾದಲ್ಲಿ ಬಂದಿಳಿದ ತಮ್ಮಂದಿರೇ, ತಂಗಿಯರೇ, ಕಂಬಕ್ಕೆ ಅಂಟಿಸಿದ ಬೆಡ್‌ಸ್ಪೇಸ್ ಚೀಟಿ ನೋಡಿ ಹೋದಾಗ "ಎಜಾರಿ ತೋರಿಸಿ" ಎಂದು ಕೇಳಲು ನಾಚಿಕೆ ಬೇಡ. ಅದರಲ್ಲಿರುವ ಹೆಸರೂ ದುಡ್ಡು ಕೇಳುವವರ ಹೆಸರೂ ಒಂದೇ ಆಗಿದೆಯಾ ನೋಡಿ. ಬೇರೆಯಾದರೆ ಎದ್ದು ಬನ್ನಿ. ಎದುರಿನವರು ಕುಂದಾಪುರದವರಾಗಲಿ, ಕಾಸರಗೋಡಿನವರಾಗಲಿ, ನಿಮ್ಮ ಸೋದರಮಾವನ ಸಹಪಾಠಿಯೇ ಆಗಲಿ. ಕಟ್ಟಡದ ಬಾಗಿಲ ಬಳಿ ಹತ್ತು ಅಂಕಿಯ ಮಕಾನಿ ಸಂಖ್ಯೆ ಇರುತ್ತದೆ, ಬರೆದಿಟ್ಟುಕೊಳ್ಳಿ. ಮುನ್ಸಿಪಾಲಿಟಿಗೆ 800900ಕ್ಕೆ ಕರೆ ಮಾಡಿದರೂ, ಆಂಬುಲೆನ್ಸ್ ಕರೆದರೂ ವಿಳಾಸ ಹೇಳಲು ಅದು ಸಾಕು.

ಕಂಪನಿಗಳಲ್ಲಿ ಎಚ್‌ಆರ್ ಮೇಜಿನಲ್ಲಿ ಕೂತ ಕನ್ನಡಿಗರಿಗೂ ಒಂದು ಮಾತು. ಹೊಸಬರನ್ನು ಕರೆಸುವಾಗ ಬಾಡಿಗೆ ಭತ್ಯೆಯ ಅಂಕಿ ಬರೆದು ಕೈತೊಳೆದುಕೊಳ್ಳಬೇಡಿ, ಅಷ್ಟರಲ್ಲಿ ಕಾನೂನಿನಂತೆ ಎಲ್ಲಿ ಇರಲು ಸಾಧ್ಯ ಎಂಬುದನ್ನೂ ಹೇಳಿ.

ಇನ್ನು ನಮ್ಮ ಸಂಘಗಳು. ನವೆಂಬರ್ ಬಂದರೆ ರಾಜ್ಯೋತ್ಸವ, ಆಮೇಲೆ ಯಕ್ಷಗಾನ, ಕ್ರಿಕೆಟ್ಟು, ಎಲ್ಲವೂ ಬೇಕು. ಸನ್ಮಾನಗಳಲ್ಲಿ ಎರಡನ್ನು ಕಡಿಮೆ ಮಾಡಿ, ಸಭಾಂಗಣದ ಬಾಗಿಲಲ್ಲಿ ಒಂದು ಮೇಜು ಹಾಕಿ. ಟೈಪಿಂಗ್ ಸೆಂಟರಿನಲ್ಲಿ ಕೆಲಸ ಮಾಡುವ, ಎಜಾರಿ ಬಲ್ಲ ಒಬ್ಬರು, ಅರಬಿ ಓದಬಲ್ಲ ಒಬ್ಬರು ಸಂಜೆಯಿಡೀ ಅಲ್ಲಿ ಕೂರಲಿ. ಊಟದ ಸಾಲಿನಲ್ಲಿ ನಿಂತವರು ತಮ್ಮ ಕರಾರನ್ನು ಫೋನಿನಲ್ಲಿ ತೋರಿಸಿ, ಅದು ನೋಂದಣಿಯಾಗಿದೆಯೇ, ತಮ್ಮ ಹೆಸರು ಸೇರಿದೆಯೇ ಎಂದು ಕೇಳಿಕೊಂಡು ಮುಂದೆ ಹೋಗಲಿ. ಮೊದಲ ಮೇಜಿಗೆ ಕುರ್ಚಿ ಹೊತ್ತು ತರಲು ನಾನು ತಯಾರಿದ್ದೇನೆ, ಅರಬಿ ಬಲ್ಲವರು ಯಾರಾದರೂ ಮುಂದೆ ಬನ್ನಿ.